ಬಂದ ಕೆಲಸಗಾರ ನಿಲ್ಲಬೇಕಾದರೆ

"ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಒಂದು ಮನೆಯ ಹೊಲಗದ್ದೆಗೆ ಈ ಮಾತು ಒಪ್ಪೀತು. ಆದರೆ ಅಂಗಡಿ, ಹೋಟೆಲು, ಅಚ್ಚುಕೂಟ, ಕಾರ್ಖಾನೆಗಳನ್ನು ನಡೆಸುವವರು ಎಲ್ಲವನ್ನೂ ತಾವೇ ಮಾಡಿಕೊಳ್ಳಲಾದೀತೆ? ಅಲ್ಲಿ ಇನ್ನೊಬ್ಬರ ಕೈ ಬೇಕು. ಆ ಕೈ ನಾಲ್ಕು ಕಾಲ ನಿಲ್ಲಬೇಕು. "ಕಲಿಯುವ ತನಕ ನಮ್ಮಲ್ಲಿ, ಕಲಿತ ಮೇಲೆ ಎದುರು ಬೀದಿಯವರಲ್ಲಿ" ಎಂಬ ಯಜಮಾನರ ದೂರು ಕೇಳಿಬಾರದ ಊರಿಲ್ಲ.

ಕೆಲಸಗಾರ ಬಿಟ್ಟುಹೋದಾಗ ಆಗುವ ನಷ್ಟ ಲೆಕ್ಕದ ಪುಸ್ತಕದಲ್ಲಿ ಒಂದೇ ಕಡೆ ಕಾಣಸಿಗುವುದಿಲ್ಲ. ಹೊಲಿಗೆಯ ಅಂಗಡಿಯನ್ನೇ ನೋಡಿ. ಹೊಸಬ ಕೈಗೂಡುವ ತನಕ ಒಂದಷ್ಟು ಬಟ್ಟೆ ಕೆಡುತ್ತದೆ. ಕಲಿಸಲು ಕುಳಿತವನ ಕೆಲಸವೂ ಅಷ್ಟು ಹೊತ್ತು ನಿಲ್ಲುತ್ತದೆ. ಹಳಬನ ಅಳತೆಗೆ ಒಗ್ಗಿದ್ದ ಗಿರಾಕಿ ಬೇರೆ ಅಂಗಡಿ ಹುಡುಕುತ್ತಾನೆ. ಇವೆಲ್ಲವನ್ನೂ ಕೂಡಿದರೆ, ಹೋದವನು ಕೇಳಿದ್ದ ಹೆಚ್ಚಿನ ಸಂಬಳವೇ ಅಗ್ಗವಾಗಿತ್ತೆಂದು ಎಷ್ಟೋ ಸಲ ತಿಳಿದುಬರುತ್ತದೆ.

ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಕಲಿತವರು ಅಮೆರಿಕದ ಹೆನ್ರಿ ಫೋರ್ಡ್. ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕಿನ ಅವರ ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಜೋಡಣೆಯ ಸಾಲು ಬಂದಿತು. ಮೋಟಾರು ಗಾಡಿಯ ಅಡಿಕಟ್ಟನ್ನು ಜೋಡಿಸಲು ಮೊದಲು ಹನ್ನೆರಡು ಗಂಟೆಗೂ ಮೇಲೆ ಹಿಡಿಯುತ್ತಿತ್ತು. ಈಗ ಸುಮಾರು ಒಂದೂವರೆ ಗಂಟೆ ಸಾಕಾಯಿತು. ಆದರೆ ದಿನವಿಡೀ ಒಂದೇ ತಿರುಪನ್ನು ಬಿಗಿಯುವ ಕೆಲಸ ಜನರಿಗೆ ಸಹಿಸಲಿಲ್ಲ. ಸುಮಾರು 14,000 ಮಂದಿಯ ಸ್ಥಾನಗಳನ್ನು ತುಂಬಿಡಲು ಆ ಒಂದು ವರ್ಷದಲ್ಲಿ 52,000 ಮಂದಿಯನ್ನು ಸೇರಿಸಿಕೊಳ್ಳಬೇಕಾಯಿತು!

ಫೋರ್ಡರ ಕಂಪನಿ ಮೊದಲು ಮಾಡಿದ್ದು, ಮನಬಂದಂತೆ ಕೆಲಸದಿಂದ ತೆಗೆಯಲು ಮೇಸ್ತ್ರಿಗಳಿಗಿದ್ದ ಅಧಿಕಾರವನ್ನು ಮೊಟಕುಗೊಳಿಸಿದ್ದು. ಬಳಿಕ 1914ರ ಜನವರಿ 5ರಂದು ಹೊಸ ಘೋಷಣೆ ಹೊರಬಿತ್ತು: ದಿನಕ್ಕೆ ಒಂಬತ್ತು ಗಂಟೆಯ ಬದಲು ಎಂಟು ಗಂಟೆ ಕೆಲಸ, ಸುಮಾರು ಎರಡೂಕಾಲು ಡಾಲರಿನ ಬದಲು ಐದು ಡಾಲರು. ಬಿಟ್ಟುಹೋಗುವವರ ಪ್ರಮಾಣ ನೂರಕ್ಕೆ 370ರಷ್ಟಿದ್ದುದು 1915ರಲ್ಲಿ 16ಕ್ಕೆ ಇಳಿಯಿತು. ಆಗ ಬೇರೆಡೆ ಕೆಲಸ ಸಿಗುವುದು ಕಷ್ಟವಾಗಿದ್ದುದೂ ಇದಕ್ಕೆ ಸ್ವಲ್ಪ ಕಾರಣವೆನ್ನಬಹುದು.

ಹಾಗಾದರೆ ದುಡ್ಡೇ ಮದ್ದು ಎನ್ನೋಣವೆ? ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಐದು ಡಾಲರಿನಲ್ಲಿ ಸುಮಾರು ಅರ್ಧದಷ್ಟು ಲಾಭದ ಪಾಲೆಂದು ಕೊಡುತ್ತಿದ್ದುದು. ಅದು ಸಿಗಬೇಕಾದರೆ ಕಂಪನಿಯ ತನಿಖೆದಾರರು ಮನೆಗೇ ಬಂದು, ಮನೆ ಚೊಕ್ಕಟವಾಗಿದೆಯೇ, ಕುಡಿತವಿದೆಯೇ, ಹಣ ಉಳಿಸುತ್ತಾರೆಯೇ ಎಂದು ನೋಡಿ ಒಪ್ಪಬೇಕಿತ್ತು. ಹೊಟ್ಟೆ ತುಂಬಿಸಿದ ಮಾತ್ರಕ್ಕೆ ಹೊಸ್ತಿಲು ದಾಟಿ ಬರುವ ಹಕ್ಕು ಯಜಮಾನನಿಗೆ ಉಂಟೆ? ಕೆಲವು ವರ್ಷಗಳಲ್ಲಿ ಆ ವಿಭಾಗವನ್ನು ಮುಚ್ಚಲಾಯಿತು.

ನಮ್ಮ ನಾಡಿನದೇ ಒಂದು ನಿದರ್ಶನವೂ ಇದೆ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವವರಲ್ಲಿ ಬಹುಮಂದಿ ಹೆಂಗಸರು, ಬಿಟ್ಟುಹೋಗುವವರೂ ಹೆಚ್ಚು. 2016ರಲ್ಲಿ ಅವರ ಕೂಲಿ ಏರಿತು, ಆದರೆ ನಿರೀಕ್ಷಿಸಿದಷ್ಟು ಏರಲಿಲ್ಲ. ಆ ಸಮಯದಲ್ಲಿ ಅರ್ಥಶಾಸ್ತ್ರಜ್ಞರು ಸುಮಾರು 2,000 ಮಂದಿಯಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಕೆಲಸ, ಕೂಲಿ, ಮೇಲ್ವಿಚಾರಕರ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಕೂಲಿಯಲ್ಲಿ ಒಂದು ಕಾಸಿನ ವ್ಯತ್ಯಾಸವಿರಲಿಲ್ಲ. ಆದರೂ ಹಾಗೆ ಕೇಳಿಸಿಕೊಂಡವರಲ್ಲಿ ಬಿಟ್ಟುಹೋದವರ ಪ್ರಮಾಣ ಉಳಿದವರಿಗಿಂತ ಸುಮಾರು ಐದನೆಯ ಒಂದು ಭಾಗ ಕಡಮೆಯಾಯಿತು. ಹೇಳಿಕೊಳ್ಳಲು ಒಂದು ಕಿವಿ ಸಿಕ್ಕರೆ ಮನಸ್ಸಿನ ಭಾರ ಇಳಿಯುತ್ತದೆಂಬುದನ್ನು ಅತ್ತೆಮನೆಯಲ್ಲಿ ಬಾಳಿದ ಯಾವ ಹೆಣ್ಣುಮಗಳಾದರೂ ಬಲ್ಲಳು. ಆದರೆ ಕಿವಿಗೊಡುವುದು ನ್ಯಾಯವಾದ ಸಂಬಳಕ್ಕೆ ಬದಲಿಯಲ್ಲ. ಕೇಳಿ ಕೇಳಿ ಏನನ್ನೂ ಮಾಡದಿದ್ದರೆ ಆ ನಂಬಿಕೆಯೂ ಉಳಿಯದು.

ಮುಂಗಡ ಕೊಟ್ಟು ಕಟ್ಟಿಹಾಕುವ ಉಪಾಯವೂ ನಮ್ಮಲ್ಲಿ ಹಿಂದಿನಿಂದ ನಡೆದುಬಂದಿದೆ. ಸಾಲ ತೀರುವ ತನಕ ಹೋಗಕೂಡದೆಂದು ದುಡಿಸಿಕೊಳ್ಳುವುದು ಜೀತವೇ ಸರಿ. 1976ರ ಕಾಯಿದೆ ಅದನ್ನು ರದ್ದುಪಡಿಸಿ, ಶಿಕ್ಷೆಯನ್ನೂ ವಿಧಿಸಿದೆ. ಹಾಗೆ ಹಿಡಿದಿಟ್ಟವನ ಮೈ ಅಂಗಡಿಯಲ್ಲಿರುತ್ತದೆ, ಮನಸ್ಸು ಬಾಗಿಲಲ್ಲಿರುತ್ತದೆ.

ಸಣ್ಣ ಅಂಗಡಿಯವರು ಫೋರ್ಡರಂತೆ ಸಂಬಳವನ್ನು ಇಮ್ಮಡಿ ಮಾಡಲಾರರು, ನಿಜ. ಆದರೆ ಗೊತ್ತಾದ ತಾರೀಖಿಗೆ ಸಂಬಳ ಕೊಡಬಹುದು. ವಾರದ ರಜೆಯನ್ನು ಉಪಕಾರವೆನ್ನದೆ ಹಕ್ಕೆಂದು ಒಪ್ಪಬಹುದು. ಗಿರಾಕಿಗಳೆದುರು ಗದರಿಸದಿರಬಹುದು. ಲೋಟ ತೊಳೆಯುವ ಹುಡುಗನಿಗೆ ದೋಸೆ ಹುಯ್ಯುವುದನ್ನು, ಬಳಿಕ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಕಲಿಸಬಹುದು. ಕಲಿತವನು ಹೋಗಿಬಿಟ್ಟಾನೆಂಬ ಅಂಜಿಕೆ ಸಹಜವೇ. ಆದರೆ ಮುಂದಿನ ಮೆಟ್ಟಿಲು ಇಲ್ಲಿ ಕಾಣದೆ ಹೋದರೆ ಅವನು ಅದನ್ನು ಹುಡುಕಿಕೊಂಡೇ ಹೋಗುವನು.

ಸಾಮಾನ್ಯವಾಗಿ ನಾವು "ಏಕಪ್ಪಾ ಹೋಗುತ್ತೀಯೆ?" ಎಂದು ಕೇಳುವುದು ಅವನು ಲೆಕ್ಕ ತೀರಿಸಿರೆಂದು ಬಂದು ನಿಂತಾಗ. ಆಗ ಅವನು ಹೇಳುವುದು ತಾಯಿಯ ಕಾಯಿಲೆ, ಊರ ಹಬ್ಬ, ಇಂಥದೇ ಏನೋ ಒಂದು. ಮುಂದಿನ ಸಂಬಳದ ದಿನ, ಹಣ ಕೈಗಿತ್ತ ಮೇಲೆ, ಹತ್ತು ನಿಮಿಷ ಕೂಡಿಸಿಕೊಂಡು, "ಇಲ್ಲಿ ನಿನಗೆ ಕಷ್ಟವಾಗಿರುವುದು ಏನು?" ಎಂದು ಕೇಳಿ ನೋಡಿ. ಅವನು ಹೇಳಿದ್ದರಲ್ಲಿ ಒಂದನ್ನಾದರೂ ಆ ತಿಂಗಳೊಳಗೆ ಸರಿಪಡಿಸಿ.