ನಗರ ಸಾರಿಗೆಯಲ್ಲಿ ಬಸ್ ಘಟಕ: ಬೆಂಗಳೂರಿನ ನಿದರ್ಶನ

ನಗರ ಸಾರಿಗೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ರಸ್ತೆ, ನಿಲ್ದಾಣ ಹಾಗೂ ಪ್ರಯಾಣ ದರಗಳತ್ತ ಗಮನ ಹರಿಸಿದ್ದಾರೆ. ಬಸ್ಸುಗಳು ರಾತ್ರಿ ತಂಗುವ, ಸಿಬ್ಬಂದಿಯ ದಿನಚರಿ ಆರಂಭವಾಗಿ ಮುಗಿಯುವ ಘಟಕ, ಅಂದರೆ ಜನರ ಮಾತಿನ ಡಿಪೋ, ಈ ಬರವಣಿಗೆಯಲ್ಲಿ ಅಂಚಿನಲ್ಲಿಯೇ ಉಳಿದಿದೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಯೇ.

ಬೆಂಗಳೂರಿನ ಸಂಘಟಿತ ಬಸ್ ಸೇವೆಯು 1940ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯೊಂದಿಗೆ, 98 ಬಸ್ಸುಗಳಿಂದ ಆರಂಭವಾಯಿತು. 1956ರಲ್ಲಿ ಅದು ರಾಷ್ಟ್ರೀಕರಣಗೊಂಡು ಬೆಂಗಳೂರು ಸಾರಿಗೆ ಸೇವೆ, ಅಂದರೆ ಬಿ.ಟಿ.ಎಸ್. ಎನಿಸಿತು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ರಚನೆಯಾದಾಗ ಅದರ ಅಂಗವಾದ ನಗರ ಸೇವೆ, 1997ರ ಆಗಸ್ಟ್ 15ರಂದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯಾಗಿ ಮತ್ತೆ ಪ್ರತ್ಯೇಕಗೊಂಡಿತು. ಬಿ.ಟಿ.ಎಸ್. ಎಂದರೆ ‘ಬಿಟ್ಟರೆ ತಿರುಗಿ ಸಿಗದು’ ಎಂಬ ಜನರ ಹಾಸ್ಯದಲ್ಲಿ, ಬೆಳೆಯುತ್ತಿದ್ದ ನಗರಕ್ಕೆ ಬಸ್ಸುಗಳು ಸಾಲದಾದ ಕಾಲದ ನೆನಪಿದೆ.

ಘಟಕದ ಕೆಲಸ ನಸುಕಿಗೆ ಮೊದಲೇ ಆರಂಭವಾಗುತ್ತದೆ. ಚಾಲಕ, ನಿರ್ವಾಹಕರ ಹಾಜರಿ ಪಡೆದು, ಅನುಸೂಚಿಗೆ ತಕ್ಕಂತೆ ಪ್ರತಿ ಜೋಡಿಗೂ ಬಸ್ಸನ್ನು ಹಂಚಲಾಗುತ್ತದೆ. ನಿರ್ವಾಹಕರು ಟಿಕೆಟ್ ಯಂತ್ರವನ್ನೂ ಮಾರ್ಗಪತ್ರವನ್ನೂ ಪಡೆಯುತ್ತಾರೆ. ಬಸ್ಸು ದ್ವಾರ ದಾಟಿದ ವೇಳೆ ದಾಖಲಾಗುತ್ತದೆ. ಘಟಕದಿಂದ ಮಾರ್ಗದ ಮೊದಲ ನಿಲ್ದಾಣದವರೆಗೆ ಬಸ್ಸು ಬರಿದಾಗಿ ಓಡುವುದುಂಟು. ಈ ಓಟದಿಂದ ಇಂಧನ ವ್ಯಯವಾಗುತ್ತದೆಯೇ ಹೊರತು ವರಮಾನವಿಲ್ಲ. ಆದ್ದರಿಂದಲೇ ಒಂದು ಬೃಹತ್ ಘಟಕಕ್ಕೆ ಬದಲಾಗಿ ನಗರದ ಹಲವು ದಿಕ್ಕುಗಳಲ್ಲಿ ಘಟಕಗಳನ್ನು ಸ್ಥಾಪಿಸುವುದು ಅನಿವಾರ್ಯವಾಯಿತು.

ಹಗಲಿಗಿಂತಲೂ ರಾತ್ರಿಯ ಕೆಲಸ ಹೆಚ್ಚು ನಿರ್ಣಾಯಕವಾದುದು. ಹಿಂತಿರುಗಿದ ನಿರ್ವಾಹಕರು ಸಂಗ್ರಹವಾದ ಹಣವನ್ನು ಲೆಕ್ಕ ಒಪ್ಪಿಸಿ ಪಾವತಿಸುತ್ತಾರೆ. ಬ್ರೇಕಿನ ಸಡಿಲು, ಗೇರಿನ ಬಿಗಿತ, ಎಂಜಿನಿನ ಅಸಹಜ ಸದ್ದು ಮೊದಲಾದ ದೋಷಗಳನ್ನು ಚಾಲಕರು ಬರೆದುಕೊಡುತ್ತಾರೆ. ಡೀಸೆಲ್ ತುಂಬಿಸಿ, ತೊಳೆದು ನಿಲ್ಲಿಸಿದ ಬಸ್ಸನ್ನು ಕುಶಲಕರ್ಮಿಗಳು ಬೆಳಗಿನೊಳಗೆ ಸಿದ್ಧಪಡಿಸಬೇಕು. ಚಾಲಕರ ಅನುಭವಕ್ಕೂ ಕುಶಲಕರ್ಮಿಗಳ ಕೈಚಳಕಕ್ಕೂ ನಡುವೆ ನಿತ್ಯ ನಡೆಯುವ ಈ ವಿನಿಮಯವೇ ಘಟಕದ ಜೀವಾಳ.

2021ರ ಡಿಸೆಂಬರಿನಿಂದ ಸಂಸ್ಥೆಯ ಸೇವೆಗೆ ಬಂದ ವಿದ್ಯುತ್ ಬಸ್ಸುಗಳು ಈ ವ್ಯವಸ್ಥೆಯನ್ನು ಬದಲಿಸುತ್ತಿವೆ. ಡೀಸೆಲ್ ಪಂಪಿನ ಕೆಲಸವನ್ನು ಚಾರ್ಜಿಂಗ್ ಕೇಂದ್ರ ವಹಿಸಿಕೊಂಡಿರುವುದು ಕಣ್ಣಿಗೆ ಕಾಣುವ ಬದಲಾವಣೆ. ಇದಕ್ಕಿಂತ ಮಹತ್ವದ್ದು ಒಡೆತನಕ್ಕೆ ಸಂಬಂಧಿಸಿದುದು. ಗುತ್ತಿಗೆ ಕರಾರಿನಂತೆ ಈ ಬಸ್ಸು, ಅದರ ನಿರ್ವಹಣೆ ಹಾಗೂ ಚಾಲಕ ಖಾಸಗಿ ಕಂಪನಿಗೆ ಸೇರಿದ್ದರೆ, ಮಾರ್ಗ, ಟಿಕೆಟ್ ಹಾಗೂ ನಿರ್ವಾಹಕ ಸಂಸ್ಥೆಗೆ ಸೇರಿವೆ. ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಬಂಡವಾಳದ ಹೊರೆಯನ್ನು ತಗ್ಗಿಸುವ ಈ ಕ್ರಮದಲ್ಲಿ, ಒಂದೇ ಬಸ್ಸಿನ ಚಾಲಕನೂ ನಿರ್ವಾಹಕನೂ ಬೇರೆ ಬೇರೆ ಯಜಮಾನರ ಕೆಳಗೆ ದುಡಿಯುತ್ತಾರೆ. ದುರಸ್ತಿಯ ಅರಿವೂ ಸಾರ್ವಜನಿಕ ಸಂಸ್ಥೆಯಿಂದ ಕ್ರಮೇಣ ದೂರ ಸರಿಯುವ ಸಾಧ್ಯತೆಯಿದೆ. ಆ ಅರಿವಿನ ಬಹುಪಾಲು ಗ್ರಂಥಸ್ಥವಾದುದಲ್ಲ. ಹಿರಿಯ ಕುಶಲಕರ್ಮಿಯಿಂದ ಕಿರಿಯನಿಗೆ ಕೆಲಸದ ನಡುವೆಯೇ ದಾಟಿಬಂದುದು. ಅದನ್ನು ಬಲ್ಲವರು ನಿವೃತ್ತರಾಗುವ ಮೊದಲೇ ದಾಖಲಿಸಿಕೊಳ್ಳುವುದು ನಗರದ ಚರಿತ್ರೆಗೂ ಮುಂದಿನ ಸಾರಿಗೆ ಯೋಜನೆಗೂ ಅಗತ್ಯವಾಗಿದೆ.