ಕೊಬ್ಬಿನ ಹನಿ ಎಲ್ಲಿಗೆ ಹೋಗುತ್ತೆ?

2025ರ ಮೇ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಒಂದು ಸುದ್ದಿ ಬಂತು. ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಹಸುಗೂಸೊಂದರ ಜೀನ್‌ನಲ್ಲಿದ್ದ ಒಂದಕ್ಷರದ ತಪ್ಪನ್ನು ತಿದ್ದಿದ್ದರು. ‘ವೈದ್ಯಲೋಕದ ಪವಾಡ!’ ಅಂತ ನಾವು ಕೆಂಪು ಪಟ್ಟಿ ಓಡಿಸಿದೆವು. ಅದನ್ನ ಗಟ್ಟಿ ದನಿಯಲ್ಲಿ ಓದಿದವನು ನಾನೇ.

ಕಾರ್ಯಕ್ರಮ ಮುಗಿಯುತ್ತಿದ್ದ ಹಾಗೆ ಹಾಸನದ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಮಗನಿಗೆ ಡುಶೆನ್ ಕಾಯಿಲೆ, ಸ್ನಾಯುಗಳು ಸವೆಯುತ್ತಾ ಹೋಗುವಂಥದ್ದು. “ಸಾರ್, ಆ ಇಂಜೆಕ್ಷನ್ ನಮ್ಮ ಹುಡುಗನಿಗೂ ಕೊಡ್ತಾರಾ?”

ಅವರಿಗೆ ಅವತ್ತು ತಡವರಿಸುತ್ತಾ ಹೇಳಿದ್ದನ್ನ ಇಲ್ಲಿ ಸರಿಯಾಗಿ ಹೇಳ್ತೀನಿ. ನಾವು ತಿಂದ ಪ್ರೋಟೀನ್ ಕರಗುವಾಗ ಅಮೋನಿಯಾ ಹುಟ್ಟುತ್ತೆ. ಯಕೃತ್ತು ಅದನ್ನ ಯೂರಿಯಾ ಮಾಡಿ ಹೊರಗೆ ಕಳಿಸುತ್ತೆ. ಸಿಪಿಎಸ್1 ಅನ್ನೋ ಕಿಣ್ವ ಕೈಕೊಟ್ಟಿದ್ದರಿಂದ ಆ ಮಗುವಿನಲ್ಲಿ ಈ ಕೆಲಸ ನಿಂತಿತ್ತು. ಅಮೋನಿಯಾ ಏರಿದರೆ ಮಿದುಳಿಗೇ ಪೆಟ್ಟು. ಡಾ. ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಡಾ. ಕಿರಣ್ ಮುಸುನೂರು ಅವರ ತಂಡ ಆರೇ ತಿಂಗಳಲ್ಲಿ ಆ ಒಂದು ಮಗುವಿಗೆಂದೇ ಕ್ರಿಸ್ಪರ್ ಔಷಧಿ ತಯಾರಿಸಿತು.

ಕತ್ತರಿಯ ಬಗ್ಗೆ ಎಲ್ಲರೂ ಮಾತಾಡ್ತಾರೆ. ಎಂಜಿನಿಯರಿಂಗ್ ಓದಿದ ನನ್ನ ಕಣ್ಣು ಹೋಗಿದ್ದು ಕೊರಿಯರ್ ಮೇಲೆ. ಔಷಧಿಯನ್ನು ಹೊತ್ತೊಯ್ದಿದ್ದು ಕೊಬ್ಬಿನ ನ್ಯಾನೋ ಹನಿ. ಸುಮಾರು 100 ನ್ಯಾನೋಮೀಟರ್, ಅಂದರೆ ಹೆಚ್ಚುಕಮ್ಮಿ ಕೂದಲ ದಪ್ಪದ ಸಾವಿರದಲ್ಲೊಂದು ಪಾಲು. ಫೈಜರ್, ಮಾಡರ್ನಾ ಕೋವಿಡ್ ಲಸಿಕೆಗಳು ಬಂದದ್ದೂ ಇಂಥ ಹನಿಗಳಲ್ಲೇ. ರಕ್ತಕ್ಕೆ ಇಳಿದ ಕೂಡಲೇ ಈ ಹನಿಗೆ ಅಪೋಇ ಎಂಬ ಪ್ರೋಟೀನ್ ಅಂಟಿಕೊಳ್ಳುತ್ತೆ. ಅದನ್ನು ನೋಡಿದ ಯಕೃತ್ತು ‘ಇದು ನನ್ನದೇ ಕೊಬ್ಬಿನ ಪಾರ್ಸೆಲ್’ ಅಂತ ಒಳಗೆ ಎಳೆದುಕೊಳ್ಳುತ್ತೆ. ಮಗುವಿನ ತೊಂದರೆ ಇದ್ದದ್ದೂ ಯಕೃತ್ತಿನಲ್ಲೇ. ವಿಳಾಸ ಸರಿಹೋಯ್ತು.

ಹಾಗಂತ ಪೂರ್ತಿ ವಾಸಿ ಅಂತ ಅಲ್ಲಿನ ವೈದ್ಯರೂ ಹೇಳಲಿಲ್ಲ. ಮೂರು ಡೋಸ್ ಆದಮೇಲೆ ಮಗು ಹೆಚ್ಚು ಪ್ರೋಟೀನ್ ತಡೆದುಕೊಂಡಿತು, ಬೇರೆ ಔಷಧಿ ಕಡಿಮೆ ಸಾಕಾಯ್ತು. ದೊಡ್ಡದೇ ಬಿಡಿ.

ಆದರೆ ಹಾಸನದ ಹುಡುಗನ ಕಾಯಿಲೆ ಇರೋದು ಮೈತುಂಬಾ ಹರಡಿರುವ ಸ್ನಾಯುಗಳಲ್ಲಿ. ಈ ಪಾರ್ಸೆಲ್ ಬಹುಪಾಲು ಯಕೃತ್ತಿನ ಬಾಗಿಲಲ್ಲೇ ಇಳಿದುಬಿಡುತ್ತೆ. ಹನಿಯ ಕೊಬ್ಬಿನ ಮಿಶ್ರಣ ಬದಲಿಸಿದರೆ ಅದು ಶ್ವಾಸಕೋಶಕ್ಕೆ, ಗುಲ್ಮಕ್ಕೂ ಹೋಗುತ್ತೆ ಅಂತ 2020ರಲ್ಲಿ ಟೆಕ್ಸಾಸ್‌ನ ಡೇನಿಯಲ್ ಸೀಗ್ವಾರ್ಟ್ ತಂಡ ತೋರಿಸಿತ್ತು. ಅದೂ ಇಲಿಗಳಲ್ಲಿ.

“ಈಗ ಇಲ್ಲ ಸಾರ್” ಅಂದೆ. ಅವರು “ಟೀವೀಲಿ ಹಾಗೆ ಹೇಳಲಿಲ್ಲವಲ್ಲ” ಅಂದರು.

ಹನ್ನೊಂದರ ಬುಲೆಟಿನ್‌ಗೆ ‘ಪವಾಡ’ ತೆಗೆಸಿ ‘ಯಕೃತ್ತಿನ ಕಾಯಿಲೆಗೆ ಜೀನ್ ಚಿಕಿತ್ಸೆ’ ಅಂತ ಹಾಕಿಸಿದೆ. ಸಪ್ಪೆಯಾಯ್ತು ಅಂತ ಡೆಸ್ಕ್‌ನವರು ಮುಖ ಸಿಂಡರಿಸಿದರು.