ಅರ್ಧಕ್ಕೆ ಬಿಟ್ಟ ಮನೆ, ಓನರ್ ಕೈಲಿರುವ ಅಡ್ವಾನ್ಸು

ಬೆಂಗಳೂರಿನಲ್ಲಿ ಅವಧಿಗೆ ಮುಂಚೆ ಮನೆ ಖಾಲಿ ಮಾಡುವವರ ಜಗಳ ನೋಟಿಸಿನಿಂದ ಹುಟ್ಟುವುದು ಕಡಿಮೆ, ಅಡ್ವಾನ್ಸಿನಿಂದ ಹುಟ್ಟುವುದೇ ಹೆಚ್ಚು. ಹತ್ತು ತಿಂಗಳ ಬಾಡಿಗೆಯಷ್ಟು ದುಡ್ಡು ಓನರ್ ಕೈಲಿರುವಾಗ ಕೋರ್ಟಿಗೆ ಅಲೆಯಬೇಕಾದವನು ಬಾಡಿಗೆದಾರನೇ; ಓನರು ಸುಮ್ಮನಿದ್ದರೂ ಗೆದ್ದಂತೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಠೇವಣಿ ಎನ್ನುತ್ತದೆ. ಆದರೆ ಮಾದರಿಯನ್ನು ರಾಜ್ಯವು ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಜೀವ. ಕರ್ನಾಟಕದ 1999ರ ಬಾಡಿಗೆ ಕಾಯ್ದೆಯೋ, ದೊಡ್ಡ ನಗರಗಳಲ್ಲೂ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಯನ್ನು ಹೊರಗಿಟ್ಟುಕೊಂಡೇ ಹುಟ್ಟಿದ್ದು. ಆ ದುಡ್ಡಿಗೆ ಇವತ್ತು ಪಿಜಿಯಲ್ಲೊಂದು ಮಂಚ ಸಿಕ್ಕರೆ ಪುಣ್ಯ. ಹಾಗಾಗಿ ಉಳಿಯುವುದು ಹನ್ನೊಂದು ತಿಂಗಳ ಅಗ್ರಿಮೆಂಟು, ಅದರ ಹಿಂದೆ ನಿಂತ 1872ರ ಕರಾರು ಕಾಯ್ದೆ.

ಈ ಹಳೆಯ ಕಾಯ್ದೆ ಬಾಡಿಗೆದಾರ ಅಂದುಕೊಂಡಷ್ಟು ಅಶಕ್ತವಲ್ಲ. ಕರಾರಿನಲ್ಲಿ ದಂಡವಾಗಿ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ, ಅದರೊಳಗೆ ಸಿಗುವುದು ನ್ಯಾಯವಾದ ಪರಿಹಾರ ಎನ್ನುತ್ತದೆ 74ನೇ ಸೆಕ್ಷನ್. ನಷ್ಟವನ್ನು ಲೆಕ್ಕ ಹಾಕಬಹುದಾದ ಕಡೆ ಅದನ್ನು ತೋರಿಸಲೇಬೇಕೆಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ಬಾಡಿಗೆ ಮನೆಯ ನಷ್ಟವೆಂದರೆ ಮನೆ ಖಾಲಿ ಬಿದ್ದಿದ್ದ ದಿನಗಳು; ಇದಕ್ಕಿಂತ ಸಲೀಸಾದ ಲೆಕ್ಕ ಇನ್ನೊಂದಿಲ್ಲ. ಬಾಡಿಗೆ 20,000, ಏಳನೇ ತಿಂಗಳಿಗೆ ಮನೆ ಬಿಟ್ಟರು ಎಂದಿಟ್ಟುಕೊಳ್ಳಿ. ಉಳಿದ ನಾಲ್ಕು ತಿಂಗಳಿನ 80,000 ಹಿಡಿದುಕೊಳ್ಳುತ್ತೇನೆ ಎಂಬುದು ಓನರ್ ಮಾತು. ಇಪ್ಪತ್ತನೇ ದಿನಕ್ಕೆ ಅಷ್ಟೇ ಬಾಡಿಗೆಗೆ ಹೊಸಬರು ಹಾಲು ಉಕ್ಕಿಸಿದರೆ ಹೋಗಿದ್ದು ಸುಮಾರು 13,300. ಹೊಸಬರನ್ನು ಹುಡುಕಲು ಬ್ರೋಕರಿಗೆ ಕೊಟ್ಟಿದ್ದರೆ ಅದನ್ನೂ ಸೇರಿಸಿ. ಮಿಕ್ಕಿದ್ದನ್ನು ಇಟ್ಟುಕೊಂಡರೆ ಒಂದೇ ಮನೆಗೆ ಎರಡು ಬಾಡಿಗೆ ತಿಂದಂತೆ.

ಸಹಿ ಹಾಕಿದ್ದು ಅವರೇ ಅಲ್ಲವೇ, ಲಾಕ್-ಇನ್ ಎಂದು ಬರೆದಿದ್ದು ಯಾಕೆ ಎಂದು ಓನರ್ ಕೇಳಿದರೆ ತಪ್ಪೇನಿಲ್ಲ. ಬಾಡಿಗೆಯೇ ಪಿಂಚಣಿಯಾದ ಮನೆಗಳು ಎಷ್ಟೋ ಇವೆ. ಆಷಾಢದಲ್ಲಿ ಖಾಲಿಯಾದ ಮನೆಯ ಟು-ಲೆಟ್ ಬೋರ್ಡು ಶ್ರಾವಣದವರೆಗೆ ಗೇಟಿಗೆ ನೇತಾಡಿಕೊಂಡೇ ಇರುತ್ತದೆ. ಆ ತಿಂಗಳು ಹೊಸ ಮನೆಗೆ ಕಾಲಿಡುವವರು ವಿರಳ. ಆಗ ನಷ್ಟ ದೊಡ್ಡದು, ಪರಿಹಾರವೂ ದೊಡ್ಡದಾಗಲಿ. ಆದರೆ ಅದೇ ಕಾಯ್ದೆಯ 73ನೇ ಸೆಕ್ಷನ್ನಿನ ವಿವರಣೆ, ನಷ್ಟ ತಗ್ಗಿಸಲು ಇದ್ದ ದಾರಿಗಳನ್ನೂ ಪರಿಗಣಿಸಿ ಎನ್ನುತ್ತದೆ. ಬಾಡಿಗೆದಾರನೇ ಕರೆತಂದ ಒಳ್ಳೆಯ ಸಂಸಾರವನ್ನು ಕಾರಣವಿಲ್ಲದೆ ಬೇಡವೆಂದು, ಬೀಗ ಹಾಕಿ ಕೂತು ಬಾಡಿಗೆ ಕೇಳುವ ವಾದ ನಿಲ್ಲುವುದು ಕಷ್ಟ.

ಬಾಡಿಗೆದಾರರದೂ ಒಂದು ಕುಯುಕ್ತಿ ಇದೆ: ‘ಅಡ್ವಾನ್ಸಲ್ಲೇ ಮುರ್ಕೊಳ್ಳಿ’ ಎಂದು ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸುವುದು. ದುಡ್ಡು ವಾಪಸು ಬರುವುದಿಲ್ಲವೆಂಬ ಭಯಕ್ಕೆ ಅದು ಉತ್ತರವೇನೋ ಹೌದು, ಆದರೆ ಕರಾರು ಮುರಿದವರು ಇಬ್ಬರಾಗುತ್ತಾರೆ. ಅದಕ್ಕಿಂತ ಹೊರಡುವ ದಿನ ಗೋಡೆ, ನಲ್ಲಿ, ಕರೆಂಟ್ ಮೀಟರಿನ ಅಂಕಿಗಳ ಫೋಟೋ ತೆಗೆದು, ಖಾಲಿ ದಿನಗಳ ಲೆಕ್ಕವನ್ನು ಬರಹದಲ್ಲಿ ಕಳಿಸುವುದು ಮೇಲು. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿಯುವುದು ಊರ ರೂಢಿ. ಅಗ್ರಿಮೆಂಟಿನಲ್ಲಿ ಬರೆದಿರದಿದ್ದರೆ ಸಹಜ ಸವೆತದ ಹೊರೆ ಬಾಡಿಗೆದಾರನದಲ್ಲ. ಮಾತಿಗೆ ಬಗ್ಗದಿದ್ದರೆ, ಕೇಸು ಹಾಕುವ ಮುನ್ನವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿಗೆ ಕರೆಸಬಹುದು. ಅಲ್ಲಿ ಒಪ್ಪಿಕೊಂಡ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಬೀಗದ ಕೈಯನ್ನು ಮಾತ್ರ ದುಡ್ಡಿಗಾಗಿ ಒತ್ತೆ ಇಟ್ಟುಕೊಳ್ಳಬೇಡಿ. ಕೈ ನಿಮ್ಮ ಜೇಬಲ್ಲಿರುವಷ್ಟು ದಿನವೂ ಬಾಡಿಗೆ ಓಡುತ್ತಿದೆ ಎಂದು ಎದುರಿನವರು ವಾದಿಸಬಹುದು.